ಸೈಕಲ್ಲಿಗೆ ಕಲಾಯಿ ಹಾಕಿದವರು

ನಮ್ಮ ಮೊಮ್ಮಗಳು ಗ್ರಾಮಸೇವಿಕೆಯಾದಳು! ನಿನ್ನೆ ಸೋಮವಾರ ಸೊರಬದ ಬ್ಲಾಕ್ ಆಫೀಸಿನ ಅಂಗಳದಲ್ಲಿ, ಸಾಹೇಬರ ಕಣ್ಣೆದುರಿಗೇ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ಹತ್ತಿ, ಮೂರು ಸುತ್ತು ಹಾಕಿ, ನಿಲ್ಲಿಸು ಎಂದ ಜಾಗದಲ್ಲಿ ನಿಲ್ಲಿಸಿ, ಆರ್ಡರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ನಮ್ಮ ಮನೆಯವರ ಹೆಸರು ಸರ್ಕಾರದ ಕಾಗದದ ಮೇಲೆ ಬಂದದ್ದು ಇದುವರೆಗೆ ಕಂದಾಯದ ರಸೀತಿಯಲ್ಲಿ ಮಾತ್ರ, ಅದೂ ಗಂಡಸರದು. ಈಗ ನೋಡಿ, ಟೈಪು ಹೊಡೆದ ಅಕ್ಷರದಲ್ಲಿ ನನ್ನ ಮೊಮ್ಮಗಳ ಹೆಸರು! ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಆ ಹೆಸರನ್ನು ನಿನ್ನೆಯಿಂದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಈ ಸುದ್ದಿಯನ್ನು ಮೊದಲು ಹೇಳಿಬಿಡದಿದ್ದರೆ ನನ್ನ ಕೈಯಿಂದ ಮುಂದಿನ ಒಂದಕ್ಷರವೂ ಹೊರಡುತ್ತಿರಲಿಲ್ಲ.

ಹೇಳಿಯಾಯಿತು. ಇನ್ನು ನಾನು ಬರೆಯಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ. ಅದು ಒಬ್ಬರ ಅಂಗಾಲಿನಿಂದ ಶುರುವಾಗುತ್ತದೆ.

ನಮ್ಮ ಶಿಕಾರಿಪುರದ ಕಲಾಯಿ ಸಾಬರ ಅಂಗಾಲು ಹೊಳೆಯೊಳಗಿನ ಕಲ್ಲಿನ ಹಾಗೆ ನುಣ್ಣಗೆ. ಆ ವಯಸ್ಸಿನವರ ಹಿಮ್ಮಡಿಯೆಂದರೆ ಬೇಸಗೆಯ ಗದ್ದೆಯಂತೆ ಬಿರುಕು ಬಿಟ್ಟಿರಬೇಕಲ್ಲ, ಇವರಿಗೆ ಒಂದು ಗೆರೆಯೂ ಇಲ್ಲ. ಅದಕ್ಕೆ ಕಾರಣ ಅವರ ಕಸುಬು. ಕಲಾಯಿ ಹಾಕುವ ಮುಂಚೆ ಹಂಡೆ, ಕೊಪ್ಪರಿಗೆಯಂಥ ದೊಡ್ಡ ಪಾತ್ರೆಯನ್ನು ನೆಲದ ಕುಣಿಯಲ್ಲಿ ಅಲುಗದಂತೆ ಕೂರಿಸಿ, ಒಳಗೆ ಮರಳು ಸುರಿದು, ಗೋಣಿಯ ತುಂಡು ಹಾಸಿ, ಅದರೊಳಗೆ ತಾವೇ ಇಳಿದು ನಿಲ್ಲುತ್ತಿದ್ದರು. ಎರಡೂ ಕೈಯನ್ನು ಗೋಡೆಗೆ ಕೊಟ್ಟು, ಸೊಂಟದಿಂದ ಕೆಳಗಿನ ಮೈಯನ್ನಷ್ಟೇ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸುವುದು. ಕರ್ ಕರ್ ಎಂದು ಸದ್ದು. ಓಣಿಯ ಮಕ್ಕಳೆಲ್ಲ ಸೇರಿ “ಸಾಬ್ರು ಕುಣೀತಾರೆ, ಸಾಬ್ರು ಕುಣೀತಾರೆ” ಎಂದು ಕೂಗಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. “ಬರ್ರೋ, ನೀವೂ ಕುಣೀರಿ, ನಿಮ್ಮವ್ವನ ಹಂಡೆ ಬೇಗ ಆಗ್ತೈತಿ” ಎನ್ನುತ್ತಿದ್ದರು.

ಹಾಗೆ ತಿಕ್ಕಿದ ಪಾತ್ರೆಯನ್ನು ಬೆಂಕಿಯ ಮೇಲಿಟ್ಟು, ತಿದಿ ಒತ್ತಿ, ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ಮೂಗು ಉರಿಯುವಂಥ ಬಿಳಿ ಹೊಗೆ. ಆ ಹೊಗೆಯೊಳಗೇ ತವರದ ಕಡ್ಡಿಯನ್ನು ಒಮ್ಮೆ ತಾಕಿಸಿ, ಅರಳೆಯ ಉಂಡೆಯಿಂದ ಸರ್ರನೆ ಎಳೆದರೆ ಪಾತ್ರೆಯ ಒಳಮೈ ಬೆಳ್ಳಗೆ ಬೆಳಗಾಗುತ್ತಿತ್ತು. ಕೆಲಸ ಮುಗಿಯಿತು ಎಂದು ಅವರು ಎಂದೂ ಹೇಳಿದವರಲ್ಲ. ಪಾತ್ರೆಯನ್ನು ಎರಡು ಕೈಯಲ್ಲಿ ಮುಂದೆ ಹಿಡಿದು “ಮುಖ ನೋಡ್ಕೊಳ್ರಿ ಅಮ್ಮಾ” ಎನ್ನುವರು. ಮುಖ ಸರಿಯಾಗಿ ಕಂಡಿತು ಎಂದರೆ ಮಾತ್ರ ಮುಂದಿನ ಪಾತ್ರೆಗೆ ಕೈ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕನ್ನಡಿ ಎಂಬುದು ಅತ್ತೆಯ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಹನ್ನೆರಡು ವರ್ಷದ ನನ್ನ ಮುಖಕ್ಕೆ ಕುಂಕುಮ ಹೇಗೆ ಕಾಣುತ್ತದೆ ಎಂದು ನಾನು ನೋಡಿಕೊಂಡದ್ದು ಅವರು ಚಾಚಿದ ಚರಿಗೆಯೊಳಗೆ. ಅವರಿಗೂ ಆಗ ಮೀಸೆ ಚಿಗುರುವ ವಯಸ್ಸು, ತಂದೆಯ ಜೊತೆ ಬರುತ್ತಿದ್ದರು. ಅಂದಿನಿಂದ ನಲವತ್ತು ವರ್ಷದ ಮೇಲಾಯಿತು.

ಮನುಷ್ಯ ಮೆತ್ತಗೆ, ಆದರೆ ಹಟ ಹಿಡಿದರೆ ಬಲು ಗಟ್ಟಿ. ಒಮ್ಮೆ ಏನಾಯಿತೆಂದರೆ, ನಾವು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಹುಳಿ ಮಾಡಿಟ್ಟಿದ್ದೆವು. ಅಂದು ಮನೆಗೆ ನಾದಿನಿಯ ಕಡೆಯ ನೆಂಟರು ಬಂದಿದ್ದರು. ಸಾಬರು ಬಾಗಿಲಲ್ಲಿ ನಿಂತು ಪಾತ್ರೆ ಕೇಳಿದರು, ನಾನು ಅದರಲ್ಲಿ ಹುಳಿ ಇದೆ, ನಾಳೆ ಬನ್ನಿ ಎಂದೆ. ಅಷ್ಟಕ್ಕೇ ಅವರು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಅದನ್ನ ಚೆಲ್ರಿ ಅಮ್ಮಾ.”

“ಅಯ್ಯೋ, ಹತ್ತು ಮಂದಿಗೆ ಮಾಡಿದ್ದು!”

“ಹನ್ನೊಂದನೇಯವ್ನು ನಾನು ಹೇಳ್ತೀನಿ, ಚೆಲ್ರಿ. ಕಿಲುಬು ಇಳಿದಿರ್ತೈತಿ, ವಿಷ ಅದು. ನೀವು ಚೆಲ್ಲೋ ತನಕ ನಾನು ಏಳಲ್ಲ.”

ನಮ್ಮತ್ತೆ ಒಳಗಿಂದ ಏನೇನೋ ಬೈದರು. ಅವರು ಬಿಸಿಲಲ್ಲಿ ಹಾಗೇ ಕೂತಿದ್ದರು. ಕೊನೆಗೆ ನೆಂಟರ ಎದುರು ಮಾನ ಹೋಯಿತೆಂದು ಗೊಣಗುತ್ತಾ ಅತ್ತೆಯೇ ಹುಳಿಯನ್ನು ತಿಪ್ಪೆಗೆ ಸುರಿದರು. ಖಾಲಿಯಾದ ಪಾತ್ರೆಯ ತಳ ನೋಡಿದರೆ ಗಿಳಿಯ ರೆಕ್ಕೆಯಂಥ ಹಸಿರು! ಅತ್ತೆಯೇ ಅದನ್ನು ತಂದು ಮೆಟ್ಟಿಲ ಮೇಲಿಟ್ಟರು. ಸಾಬರು ನೋಡಿದಿರಾ ಎನ್ನಲಿಲ್ಲ, ಆ ಪಾತ್ರೆಯನ್ನು ಹೆಗಲಿಗೆ ಹಾಕಿಕೊಂಡು ಹೋದರು, ಅಷ್ಟೆ.

ಈಗ ಸೈಕಲ್ಲಿನ ಸಂಗತಿ ಹೇಳುತ್ತೇನೆ.

ಮೊಮ್ಮಗಳು ತರಬೇತಿ ಮುಗಿಸಿ, ಅಲ್ಲೇ ಸೈಕಲ್ಲನ್ನೂ ಕಲಿತು ಬಂದ ಎಂಟು ದಿನಕ್ಕೆ ಸೊರಬದಿಂದ ಕಾಗದ ಬಂತು. ಸೋಮವಾರ ಹನ್ನೊಂದು ಗಂಟೆಗೆ ಆಫೀಸಿಗೆ ಹಾಜರಾಗಬೇಕು, ಸ್ವಂತ ಸೈಕಲ್ ಇರಬೇಕು, ಅದು ಸುಸ್ಥಿತಿಯಲ್ಲಿರಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಜಾಗ ಎಂದು ಬರೆದಿತ್ತು. ಸೊರಬದ ಕಡೆಯ ಏಳೆಂಟು ಹಳ್ಳಿ ಸುತ್ತುವ ಕೆಲಸ, ನಡೆದು ಆಗುವುದಲ್ಲ. ನನ್ನ ಮಗ, ಎಂದರೆ ಅವಳ ಅಪ್ಪ, ಊರೆಲ್ಲ ವಿಚಾರಿಸಿದ. ವರ್ಗವಾಗಿ ಹೋದ ಒಬ್ಬ ನರ್ಸಮ್ಮನ ಹೆಂಗಸರ ಸೈಕಲ್ಲು ಒಬ್ಬರ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಕೂರುವ ಜಾಗವಾಗಿತ್ತು. ಭತ್ತ ಕೊಟ್ಟು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಸೈಕಲ್ ಶಾಪಿನವನು ನೋಡಿ “ಹದಿನೈದು ದಿನ ಬೇಕ್ರಿ” ಎಂದ. ಹದಿನೈದು ದಿನ ಎಲ್ಲಿಂದ ತರುವುದು? ಅವತ್ತಾಗಲೇ ಬುಧವಾರ.

ಮಗ ನಟ್ಟು ಬಿಚ್ಚುವ ಪಾನಾ ಸಾಲ ತಂದು ಪಡಸಾಲೆಯಲ್ಲೇ ಸೈಕಲ್ಲನ್ನು ಪೂರ್ತಿ ಬಿಚ್ಚಿದ. ಹ್ಯಾಂಡಲ್ಲು, ರಿಮ್ಮು, ಕಡ್ಡಿ, ಪೆಡಲು, ಬೆಲ್ಲು, ಚಕ್ರದೊಳಗಿನ ಗುಂಡು, ಆ ಗುಂಡು ಕೂರುವ ಬಟ್ಟಲು, ಎಲ್ಲವನ್ನೂ ಹಳೇ ಜಮಖಾನದ ಮೇಲೆ ಸಾಲಾಗಿಟ್ಟು ನನ್ನ ಕಡೆ ತಿರುಗಿದ.

“ಅವ್ವಾ, ನೀನು ಪಾತ್ರೆ ಬೆಳಗೋದು ಓಣಿಗೆಲ್ಲ ಗೊತ್ತೈತಿ. ಇವಿಷ್ಟು ಉಜ್ಜಿ ಕೊಡು. ರಿಮ್ಮು ನುಣ್ಣಗಾಗದಿದ್ರೆ ಬ್ರೇಕು ಹಿಡಿಯಲ್ಲ, ಬಟ್ಟಲು ನುಣ್ಣಗಾಗದಿದ್ರೆ ಚಕ್ರ ತಿರುಗಲ್ಲ.”

ನನಗೆ ಎಷ್ಟು ಹೆಮ್ಮೆಯಾಯಿತು! ಮೊಮ್ಮಗಳ ನೌಕರಿಯಲ್ಲಿ ನನ್ನದೂ ಒಂದು ಪಾಲು. ನಮ್ಮ ದೇವರ ಸಾಮಾನು, ಕೊಡ, ತಂಬಿಗೆ ಬೆಳಗಿದ ಹಾಗೇ ಬೆಳಗುತ್ತೇನೆ ಎಂದುಕೊಂಡೆ. ಮನೆಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ಕಿವುಚಿ, ಉಪ್ಪು ಬೆರೆಸಿ, ದೊಡ್ಡ ಬಾನಿಯಲ್ಲಿ ಸೈಕಲ್ಲಿನ ಸಾಮಾನೆಲ್ಲ ಮುಳುಗಿಸಿ ಮಲಗಿದೆ. ಗುರುವಾರ ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿದರೆ ತುಕ್ಕು ತಾನಾಗಿ ಬಿಟ್ಟು ಬಂತು. ಎಲ್ಲ ಬೆಳ್ಳಿ! ತೊಳೆದು, ಪಾತ್ರೆಗಳನ್ನು ಆರಲು ಹಾಕುವಂತೆ ಅಂಗಳದ ಚಾಪೆಯ ಮೇಲೆ ಹರವಿ, ಎದುರುಮನೆಯಾಕೆಯನ್ನು ಕರೆದು ತೋರಿಸಿದೆ. “ಸೈಕಲ್ ಶಾಪಿನವ್ನು ಹದಿನೈದು ದಿನ ಅಂದ, ನಾನು ಒಂದು ದಿನದಾಗೆ ಮುಗಿಸ್ದೆ ನೋಡ್ರಿ” ಎಂದೂ ಹೇಳಿದೆ. ಆ ಮಾತನ್ನು ಈಗಲೂ ನುಂಗಿಕೊಳ್ಳಬೇಕು ಅನ್ನಿಸುತ್ತದೆ.

ಊಟ ಮುಗಿಸಿ ಬಂದು ನೋಡುತ್ತೇನೆ, ಚಾಪೆಯ ಮೇಲಿನ ಬೆಳ್ಳಿಯೆಲ್ಲ ಹಳದಿ. ಮುಟ್ಟಿದರೆ ಬೆರಳಿಗೆ ಅಂಟುವ ತುಕ್ಕು. ಹ್ಯಾಂಡಲ್ಲಿನ ಮೇಲಿದ್ದ ನಿಕ್ಕಲ್ ಲೇಪ ಹಾವಿನ ಪೊರೆಯಂತೆ ಸುಲಿದು ಎದ್ದಿತ್ತು. ಗುಂಡುಗಳು ಕರ್ರಗಾಗಿ, ಮೈಮೇಲೆ ಸಿಡುಬಿನ ಕಲೆ ಎದ್ದಂತಾಗಿದ್ದವು. ಎದುರುಮನೆಯಾಕೆ ಬೇಲಿಯ ಮೇಲಿಂದ ಇಣುಕಿ, “ಏನ್ರಿ ಇದು, ಸೈಕಲ್ಲಿಗೆ ಅರಿಸಿನ ಶಾಸ್ತ್ರ ಮಾಡೀರೇನು? ಮದುವಿ ಯಾವಾಗ?” ಎಂದಳು.

ಮಗ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. “ಹೋತು. ಇನ್ನು ಸೋಮವಾರ ಯಾರದೋ ಮಗಳು ಆ ಜಾಗಕ್ಕೆ ಹೋಗ್ತಾಳೆ” ಎಂದ. ಮೊಮ್ಮಗಳದು ಒಂದೇ ಕೆಲಸ. ಸೊರಬದ ಕಾಗದವನ್ನು ಬಿಡಿಸುವುದು, ಮಡಚುವುದು, ಮತ್ತೆ ಬಿಡಿಸುವುದು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಒಂದು ಪೆಡಲನ್ನು ಸೆರಗಿನಲ್ಲಿ ಸುತ್ತಿಕೊಂಡು ಕಲಾಯಿ ಸಾಬರ ಓಣಿಗೆ ಹೋದೆ. ಅವರು ಕಸುಬು ಬಿಟ್ಟು ವರ್ಷವಾಗಿತ್ತು. ಕಣ್ಣಿಗೆ ಪೊರೆ ಬಂದಿದೆ, ಮನೆ ಮನೆಗೆ ಅಲ್ಯೂಮಿನಿಯಂ ಪಾತ್ರೆಯೂ ಬಂದಿದೆ. ಬಾಗಿಲಲ್ಲಿ ಹಗ್ಗ ಹೊಸೆಯುತ್ತಾ ಕೂತಿದ್ದರು. ನನ್ನ ದನಿಗೇ ಗುರುತು ಹಿಡಿದರು.

“ಏನಮ್ಮಾ, ಬಿಸಿಲಾಗೆ ಬಂದೀರಿ. ಹಂಡೆ ಒಡೀತಾ?”

ನಾನು ಪೆಡಲನ್ನು ಕೈಗಿಟ್ಟೆ. ಹೆಬ್ಬೆರಳಿನಿಂದ ಸವರಿದರು, ಮೂಸಿದರು, ಆಮೇಲೆ ನಾಲಿಗೆಗೇ ಮುಟ್ಟಿಸಿ ನೋಡಿದರು.

“ಹುಣಸೆಹಣ್ಣು. ಎಷ್ಟೊತ್ತು?”

“ರಾತ್ರಿ ಪೂರಾ.”

“ಉಪ್ಪೂ ಹಾಕೀರಿ.”

“ಹಾಕೇನಿ.”

“ತೊಳೆದು ಒರೆಸೀರಾ?”

“ಪಾತ್ರೆ ಯಾರು ಒರೆಸ್ತಾರ್ರಿ ಸಾಬ್ರೆ? ಚಾಪಿ ಮ್ಯಾಲೆ ಹರವಿದೆ.”

ಅವರು ನನ್ನನ್ನು ಬೈದದ್ದು ಆ ಒಂದೇ ಸಲ. “ನಲವತ್ತು ವರ್ಷ ನಿಮ್ಮ ಜಗಲಿ ಮುಂದೆ ಕೆಲಸ ಮಾಡೀನಿ. ಹುಳಿ ಹಚ್ಚಿದ ಮ್ಯಾಲೆ ನಾನು ಒಂದು ಗಳಿಗೆ ಸುಮ್ನೆ ಕೂತಿದ್ದು ನೋಡೀರಾ? ತೊಳೆದ ಕೂಡ್ಲೆ ಬೆಂಕಿ ಹತ್ರ ಹಿಡೀತಿದ್ನಿ ಇಲ್ಲೋ? ಮುಖ ನೋಡ್ಕೊಂಡ್ರಿ, ಕೈ ನೋಡ್ಲಿಲ್ಲ ನೀವು!” ನನಗೆ ಅಳು ಬಂತು. ಸೋಮವಾರದ ಕಾಗದದ ವಿಷಯ ಹೇಳಿದೆ. ಅವರು ಹಗ್ಗವನ್ನು ಬದಿಗಿಟ್ಟರು. “ನಾಳೆ ಜುಮ್ಮಾ. ನಮಾಜು ಮುಗಿಸ್ಕೊಂಡು ಬರ್ತೀನಿ. ಅಲ್ಲೀತನಕ ಎಲ್ಲಾನೂ ಒಲೆ ಬೂದಿ ಕಲಸಿದ ನೀರಾಗೆ ಹಾಕಿಡ್ರಿ. ಬೂದಿ ಹುಳಿನ ಕೊಲ್ತೈತಿ. ಇನ್ನೇನೂ ಮಾಡ್ಬೇಡ್ರಿ. ಕೈ ಕಟ್ಕೊಂಡು ಕೂತ್ಕೊಳ್ರಿ.”

ಶುಕ್ರವಾರ ಮಧ್ಯಾಹ್ನ ಅವರು ನಮ್ಮ ಅಂಗಳಕ್ಕೆ ಬಂದಾಗ ಮಗ ಮುಖ ಗಂಟು ಹಾಕಿಕೊಂಡೇ ಇದ್ದ. “ಅವ್ವ ಎಲ್ಲಾ ಹಾಳು ಮಾಡ್ಯಾಳೆ ಸಾಬ್ರೆ” ಎಂದ. ಸಾಬರು ಒಂದು ಕಡ್ಡಿಯನ್ನು ಎತ್ತಿ ಬೆರಳಾಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಯಾರು ಹೇಳಿದ್ದು? ಒಳಗಿದ್ದ ಹಳೇ ತುಕ್ಕೆಲ್ಲ ಹುಳಿಗೆ ಹೊರಗೆ ಬಂದೈತಿ. ನನ್ನ ಅರ್ಧ ಕೆಲಸ ಅಮ್ಮ ಮಾಡಿಟ್ಟಾರೆ.”

ಹಿಂದಿನ ದಿನ ಅಷ್ಟು ಬೈದ ಬಾಯಿ! ಮಗನ ಮುಖ ಸಡಿಲಾಯಿತು, ಮೊಮ್ಮಗಳು ಕಾಗದವನ್ನು ಗೂಟದ ಚೀಲಕ್ಕೆ ಹಾಕಿ ಎದ್ದು ಬಂದಳು. ನಾನು ಬಾನಿಯ ಕಡೆ ಬಗ್ಗಿಕೊಂಡೇ ಇದ್ದೆ. ಅವರು ನನ್ನನ್ನು ಬೈದ ವಿಷಯ ಇದುವರೆಗೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಆ ಎರಡು ದಿನ ನಮ್ಮ ಅಂಗಳ ನೋಡಬೇಕಿತ್ತು. ನಟ್ಟು, ಕಡ್ಡಿ, ಬಟ್ಟಲುಗಳನ್ನು ಭತ್ತದ ಹೊಟ್ಟು, ಸಣ್ಣ ಮರಳಿನ ಜೊತೆ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಸಿದರು. ನನ್ನ ಮಗ ಒಂದು ತುದಿ, ಮೊಮ್ಮಗಳು ಒಂದು ತುದಿ ಹಿಡಿದು ತೊಟ್ಟಿಲು ತೂಗಿದಂತೆ ತೂಗಬೇಕು. ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನಕ್ಕೆ ಚೀಲದೊಳಗಿಂದ ಮಿಣಿಮಿಣಿ ಎಂದು ಹೊರಬಂದವು. ಕೂಡಲೇ ಬಿಸಿ ಮರಳಿನಲ್ಲಿ ಹೊರಳಿಸಿ, ಅರಳೆಯಿಂದ ಒರೆಸಿ, ಹರಳೆಣ್ಣೆ ಹಚ್ಚುವುದು. ಒರೆಸುವುದೆಲ್ಲ ನನ್ನ ಪಾಲಿನ ಕೆಲಸ. “ಅಮ್ಮನಿಗೆ ಒರೆಸೋದು ಕಲಿಸ್ಬೇಕು” ಎಂದು ನನ್ನೊಬ್ಬಳಿಗೇ ಕೇಳುವಂತೆ ಹೇಳಿ ನಕ್ಕರು. ರಿಮ್ಮನ್ನು ನೆಲಕ್ಕೆ ಮಲಗಿಸಿ, ಮರಳು ಹಾಕಿ, ತಾವೇ ಅಂಗಾಲಿನಿಂದ ಉಜ್ಜುತ್ತಾ ಸುತ್ತು ಬಂದರು. ಹ್ಯಾಂಡಲ್ಲಿಗೆ ಮಾತ್ರ ಬೇರೆ ಉಪಾಯ. ಜರಡಿ ಹಿಡಿದ ಇಟ್ಟಿಗೆ ಪುಡಿಯಲ್ಲಿ ಒದ್ದೆ ಬಟ್ಟೆಯ ಪಟ್ಟಿಯನ್ನು ಹೊರಳಿಸಿ, ಕೊಳವೆಗೆ ಒಂದು ಸುತ್ತು ಸುತ್ತಿ, ಎರಡು ತುದಿಯನ್ನೂ ಇಬ್ಬರು ಎಳೆಯಬೇಕು. ಸೊಸೆ ಒಂದು ಕಡೆ ಕೂತಳು. ಇನ್ನೊಂದು ಕಡೆಗೆ ಯಾರು ಬಂದರು ಗೊತ್ತೇ? ಎದುರುಮನೆಯಾಕೆ! ನೋಡುತ್ತಾ ನೋಡುತ್ತಾ ತಡೆಯಲಾರದೆ ಬೇಲಿ ದಾಟಿ ಬಂದಿದ್ದಳು.

“ಏನಮ್ಮಾ, ಮಜ್ಜಿಗೆ ಕಡೀತೀರಾ?” ಎಂದರು ಸಾಬರು. “ಬೆಣ್ಣೆ ಬಂದ್ರೆ ನನಗೂ ಇಷ್ಟು ಕೊಡ್ರಿ.”

“ಬೆಣ್ಣೆ ಬರ್ಲಿಲ್ಲ ಅಂದ್ರೆ ನಿಮ್ಮ ಗಡ್ಡಕ್ಕೆ ಇಟ್ಟಿಗೆ ಪುಡಿ ಹಚ್ತೀನಿ” ಎಂದಳು ಆಕೆ.

ಶನಿವಾರ ಸಂಜೆಗೆ ತುಕ್ಕು ಹೋಯಿತು. ಆದರೆ ನಿಕ್ಕಲ್ ಸುಲಿದ ಹ್ಯಾಂಡಲ್ಲು ಬರಿ ಕಬ್ಬಿಣ, ಹೊಳಪೇನೋ ಇದೆ, ಒಂದು ಬೆವರಿನ ಕೈ ತಾಕಿದರೆ ಮತ್ತೆ ಹಳದಿ. ಸಾಬರು ಅದನ್ನು ತೊಡೆಯ ಮೇಲಿಟ್ಟುಕೊಂಡು ತುದಿಯಿಂದ ತುದಿಗೆ ಬೆರಳಾಡಿಸಿದರು. ಆಮೇಲೆ “ಇದಕ್ಕೆ ನನ್ನ ಕಸುಬೇ ಆಗ್ಬೇಕು” ಎಂದು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ತಿದಿ ತಂದರು, ನವಸಾಗರ ತಂದರು, ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ತವರದ ತುಂಡೂ ತಂದರು. ವರ್ಷದ ಮೇಲೆ ಅವರ ಬೆಂಕಿ ಎದ್ದಿತು. ಕಣ್ಣು ಕಾಣದ್ದಕ್ಕೆ ಮೊಮ್ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. “ತವರ ತಾಕಿಸ್ತೀನಿ. ಬೆವರಿನ ಹನಿ ಹಂಗೆ ಜಾರಿದ್ರೆ ಹೇಳು ಮಗಾ. ಗಟ್ಟಿ ಕೂತ್ರೆ ಕಾದಿಲ್ಲ, ಬಣ್ಣ ತಿರುಗಿದ್ರೆ ಜಾಸ್ತಿ ಕಾದೈತಿ. ನಿನ್ನ ಕಣ್ಣು, ನನ್ನ ಕೈ.”

ಅವಳು ಉಸಿರು ಬಿಗಿಹಿಡಿದು ನೋಡಿದಳು. “ಇನ್ನೂ ಇಲ್ಲ ತಾತಾ… ಇನ್ನೂ ಇಲ್ಲ… ಜಾರ್ತು!” ಸರ್ರನೆ ಅರಳೆ ಓಡಿತು. ಆ ಸೊಟ್ಟ ಕೊಳವೆಯ ಮೇಲೆ ಬೆಳ್ಳಗೆ ಬೆಳಕು ಹರಿದಂತೆ ಕಲಾಯಿ ಹರಿಯಿತು. ತಣ್ಣಗಾದ ಮೇಲೆ ಅವಳ ಮುಂದೆ ಹಿಡಿದು “ಮುಖ ನೋಡ್ಕೋ” ಎಂದರು. ಅದರಲ್ಲಿ ಅವಳ ಮುಖ ಪಡುವಲಕಾಯಿಯಷ್ಟು ಉದ್ದ ಕಂಡಿತು. ಆ ಕಾಗದ ಬಂದ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಆಗಲೇ. ಗುಂಡು ಮಾತ್ರ ಯಾವ ವಿದ್ಯೆಗೂ ಬಗ್ಗಲಿಲ್ಲ, ಹೊಸದನ್ನು ಮಗ ಶಾಪಿನಿಂದ ತಂದ. ಕತ್ತಲಾಗುವ ಮೊದಲೇ ಸೈಕಲ್ಲು ಎದ್ದು ನಿಂತಿತು. ಚಕ್ರವನ್ನು ಒಮ್ಮೆ ತಿರುವಿ ಬಿಟ್ಟರೆ ನಾನು ಒಲೆಗೆ ಕಟ್ಟಿಗೆ ಹಾಕಿ ಬರುವವರೆಗೂ ತಿರುಗುತ್ತಲೇ ಇತ್ತು.

ನಿನ್ನೆ ಮೊದಲ ಬಸ್ಸಿನ ಮೇಲೆ ಸೈಕಲ್ಲು, ಒಳಗೆ ಅಪ್ಪ ಮಗಳು. ಸೊರಬದಲ್ಲಿ ನಡೆದದ್ದನ್ನು ಮಗ ಬಂದು ಹೇಳಿದ. ಬ್ಲಾಕ್ ಆಫೀಸಿನ ಸಾಹೇಬರು ಸೈಕಲ್ಲಿನ ಸುತ್ತ ಒಂದು ಸಲ ನಡೆದು, ಹ್ಯಾಂಡಲ್ಲಿನ ಹತ್ತಿರ ನಿಂತುಬಿಟ್ಟರಂತೆ.

“ಇದು ಯಾವ ಕಂಪನಿಯದಮ್ಮಾ? ಇಂಥ ಬಿಳುಪು ನಾನು ನೋಡಿಲ್ಲವಲ್ಲ?”

“ಕಲಾಯಿ ಸಾರ್.”

“ಕಲಾಯಿಯೇ? ಪಾತ್ರೆಗೆ ಹಾಕುವುದೇ?”

“ಹೌದು ಸಾರ್. ನಮ್ಮಜ್ಜಿ ಹಂಡೆ, ನನ್ನ ಸೈಕಲ್ಲು, ಎರಡೂ ಒಂದೇ ಕಂಪನಿ.”

ಸಾಹೇಬರು ನಕ್ಕು ಗುಮಾಸ್ತರನ್ನೆಲ್ಲ ಹೊರಗೆ ಕರೆದು ತೋರಿಸಿದರಂತೆ. ಆದರೂ ಬಿಡಲಿಲ್ಲ, ನೆಲದ ಮೇಲೆ ಬೂಟಿನಿಂದ ಒಂದು ಗೆರೆ ಎಳೆದು, ಜೋರಾಗಿ ಬಂದು ಇಲ್ಲಿ ನಿಲ್ಲಿಸು ಎಂದರಂತೆ. ಅವಳ ಮುಂದಿನ ಚಕ್ರ ಗೆರೆಯ ಮೇಲೇ ನಿಂತಿತು. ರಿಮ್ಮು ಅಷ್ಟು ನುಣ್ಣಗಿದ್ದದ್ದು ಯಾರ ಅಂಗಾಲಿನಿಂದ ಎಂದು ಆ ಆಫೀಸಿನಲ್ಲಿ ಯಾರಿಗೆ ಗೊತ್ತು?

ಸಂಜೆ ಹೋಳಿಗೆ ಮಾಡಿದೆ. ಸಾಬರನ್ನು ಕರೆದು ತಾ ಎಂದು ಮೊಮ್ಮಗಳನ್ನೇ ಕಳಿಸಿದೆ. ಅವಳು ಅವರನ್ನು ಜಗಲಿಯ ಮೇಲೆ ಕೂರಿಸಿ, ನೇರ ಒಲೆಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು: “ಅಜ್ಜೀ, ಅವರ ಮನೆಯಾಗೆ ತಾಮ್ರದ ಪಾತ್ರೆ ಎಲ್ಲಾ ಬೋರಲು ಹಾಕ್ಯಾರೆ. ಅಡಿಗಿ ಮಣ್ಣಿನ ಗಡಿಗ್ಯಾಗೆ. ಅವುಕ್ಕೆ ಕಲಾಯಿ ಹಾಕಾಕೆ ಅಂತ ಒಂದೇ ಒಂದು ತವರದ ತುಂಡು ಇತ್ತಂತೆ. ಅವರ ಸೊಸಿ ಹೇಳಿದ್ಲು.”

ನನ್ನ ಸೌಟು ಸಾರಿನೊಳಗೇ ನಿಂತಿತು. ಬೇರೆಯವರ ಹುಳಿ ಚೆಲ್ಲಿಸಲು ಬಿಸಿಲಲ್ಲಿ ಕೂತವರು, ತಮ್ಮ ಮನೆಯ ಪಾತ್ರೆಯನ್ನು ಮಗುಚಿಟ್ಟು ನಮ್ಮ ಸೈಕಲ್ಲಿಗೆ ಕಲಾಯಿ ಹಾಕಿದ್ದರು. ಇಂಥದನ್ನು ಹೇಗೆ ತೀರಿಸುವುದು, ನೀವೇ ಹೇಳಿ. ಅವರ ಪಾತ್ರೆಗಳಿಗೆ ಬೇಕಾದಷ್ಟು ತವರ ತರಿಸಿ ಕೊಡುವೆ, ಅದು ದೊಡ್ಡದಲ್ಲ. ಆದರೆ ಮಗನ ಮುಂದೆ, ಮೊಮ್ಮಗಳ ಮುಂದೆ ನನ್ನ ಮುಖ ಉಳಿಸಿದರಲ್ಲ, ಅದಕ್ಕೆ ಏನು ತರಿಸಲಿ?

ಎಲೆ ಹಾಕಿದ್ದು ಪಡಸಾಲೆಯಲ್ಲಿ. ಮಗ ಒಳಗೆ ಬನ್ನಿ ಎಂದು ಎರಡು ಸಲ ಕರೆದ. “ಇಲ್ಲೇ ಗಾಳಿ ಐತಿ, ಇಲ್ಲೇ ಹಾಕ್ರಿ” ಎಂದರು ಅವರು. ನಮ್ಮ ಮನೆಯಲ್ಲಿ ಅವರು ಉಂಡದ್ದೆಲ್ಲ ಆ ಜಗಲಿಯ ಮೂಲೆಯಲ್ಲೇ, ನಾವು ಹಾಕಿದಷ್ಟನ್ನೇ ಉಂಡು, ಎಲೆ ತಾವೇ ಎತ್ತಿಕೊಂಡು ಹೋದವರು. ಮಗ ತನ್ನ ಎಲೆಯನ್ನು ಎತ್ತಿಕೊಂಡು ಹೊರಗೆ ಹೋಗಿ ಅವರ ಪಕ್ಕ ಕೂತ. ಅವನ ಹಿಂದೆ ಮೊಮ್ಮಗಳು ತನ್ನ ಎಲೆ ಹಿಡಿದು ಹೋದಳು. ಸೊಸೆ ನನ್ನ ಮುಖ ನೋಡಿದಳು. “ನಡಿ, ಪಾತ್ರೆ ಎತ್ತು” ಎಂದೆ. ಅನ್ನ, ಹೋಳಿಗೆ, ಕಟ್ಟಿನ ಸಾರು ಎಲ್ಲ ಜಗಲಿಗೆ ಬಂತು.

ಬಡಿಸುತ್ತಾ ಬಂದು ಅವರ ಮುಂದೆ ನಿಂತೆ. “ಸಾಬ್ರೆ, ನಿಮ್ಮ ಮನೆ ಪಾತ್ರೆ…” ಎಂದು ಶುರುಮಾಡಿದೆ.

ಅವರು ಮೊಮ್ಮಗಳ ಕಡೆ ತಿರುಗಿ “ಹೇಳ್ಬಿಟ್ಯಾ ನೀನು” ಎಂದರು. ಆಮೇಲೆ ನನಗೆ ಹೇಳಿದರು: “ಮಣ್ಣಿನ ಗಡಿಗಿ ಸಾರಿಗೆ ರುಚಿ ಜಾಸ್ತಿ ಅಮ್ಮಾ, ನಿಮಗೆ ಗೊತ್ತಿಲ್ಲ.” ಎಲೆಯ ಮೇಲಿನದನ್ನು ಕಲಸಿ ಒಂದು ತುತ್ತು ಬಾಯಿಗಿಟ್ಟು ನಿಧಾನ ನುಂಗಿದರು.

“ನಿಮ್ಮದೂ ಏನು ಕಡಿಮಿ ಇಲ್ಲ ಬಿಡ್ರಿ. ಇನ್ನೊಂದು ಸೌಟು ಹಾಕ್ರಿ.”

ನಲವತ್ತು ವರ್ಷದಲ್ಲಿ ಅವರು ನಮ್ಮ ಮನೆಯಲ್ಲಿ ಇನ್ನಷ್ಟು ಬೇಕೆಂದು ಕೇಳಿದ್ದು ಅದೇ ಮೊದಲು. ಒಂದಲ್ಲ, ಎರಡು ಸೌಟು ಹಾಕಿದೆ. ಎಲೆಯಿಂದ ಸಾರು ಹರಿದು ಮಗನ ಎಲೆಯ ಕಡೆ ಹೋಯಿತು. ಅವನು ಕೈ ಅಡ್ಡ ಇಟ್ಟು ನಕ್ಕ, ಸಾಬರೂ ನಕ್ಕರು. ನಾನು ಮೊಮ್ಮಗಳ ಪಕ್ಕ ಜಾಗ ಮಾಡಿಕೊಂಡು ನನ್ನ ಎಲೆ ಹಾಕಿಕೊಂಡೆ.